21 ಲಕ್ಷ ಮತ, 2 ಸೀಟು: ಕಿಮ್ ಕ್ಯಾಂಬೆಲ್ ರಾಜಕೀಯದ ಲೆಕ್ಕಾಚಾರ

1993ರ ಅಕ್ಟೋಬರ್ 25ರಂದು ನಡೆದ ಚುನಾವಣೆಯಲ್ಲಿ ಕೆನಡಾದ ಆಡಳಿತ ಪಕ್ಷಕ್ಕೆ ಸುಮಾರು 21.8 ಲಕ್ಷ ಮತ ಬಿತ್ತು. ಸಿಕ್ಕ ಸೀಟು 2. ಅದೇ ಚುನಾವಣೆಯಲ್ಲಿ ಬ್ಲಾಕ್ ಕೆಬೆಕ್ವಾ ಎಂಬ ಹೊಸ ಪಕ್ಷಕ್ಕೆ ಬಿದ್ದ ಮತ ಸುಮಾರು 18.5 ಲಕ್ಷ. ಸಿಕ್ಕ ಸೀಟು 54. ಕಡಿಮೆ ಮತ ಪಡೆದವರು ಸಂಸತ್ತಿನ ಅಧಿಕೃತ ವಿರೋಧ ಪಕ್ಷವಾದರು. ಜಾಸ್ತಿ ಮತ ಪಡೆದ ಪಕ್ಷದ ಪ್ರಧಾನಿ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತರು.

ಆ ಪ್ರಧಾನಿ ಕಿಮ್ ಕ್ಯಾಂಬೆಲ್. ಕೆನಡಾಕ್ಕೆ ಸಿಕ್ಕ ಮೊದಲ ಮಹಿಳಾ ಪ್ರಧಾನಿ. ಅವರ ನಂತರ ಇನ್ನೊಬ್ಬ ಮಹಿಳೆ ಆ ಕುರ್ಚಿಯಲ್ಲಿ ಕೂತಿಲ್ಲ. ಜೂನ್ 25ರಿಂದ ನವೆಂಬರ್ 4ರವರೆಗೆ, ಒಟ್ಟು 132 ದಿನದ ಅಧಿಕಾರ.

ಅವರ ಹೆಸರು ಬಂದಾಗಲೆಲ್ಲ ಈ ಎರಡು ಸೀಟಿನ ಕತೆಯೇ ಬರುತ್ತದೆ. ಕೆನಡಾದಲ್ಲಂತೂ ಅದು ರಾಜಕೀಯದ ಹಳೇ ಜೋಕು. ಆದರೆ ಕ್ಯಾಂಬೆಲ್ ಶಾಲಾ ಮಂಡಳಿಯಿಂದ ಪ್ರಾಂತ್ಯದ ಶಾಸನಸಭೆಗೆ, ಅಲ್ಲಿಂದ ಕೇಂದ್ರದ ಸಂಪುಟಕ್ಕೆ ಹೋದ ದಾರಿಯನ್ನು ನೋಡಿದರೆ ಚಿತ್ರ ಬೇರೆಯೇ ಇದೆ. ಅವರು ಕಾನೂನು ಸಚಿವೆಯಾಗಿ ಮಾಡಿದ ಕೆಲಸ ಆ ಸೋಲಿಗಿಂತ ದೊಡ್ಡದು ಅಂತ ನನ್ನ ಅನಿಸಿಕೆ. ಸೋಲಿಗೂ ಅವರೊಬ್ಬರೇ ಕಾರಣ ಅಲ್ಲ. ಇದೆಲ್ಲ ಅರ್ಥವಾಗಬೇಕಾದರೆ ಮೊದಲು ಕೆನಡಾದ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು.

ಯಾರ ಕೈಯಲ್ಲಿ ಏನಿದೆ

ಕೆನಡಾದಲ್ಲಿ 10 ಪ್ರಾಂತ್ಯಗಳಿವೆ. ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಿಗೆ ಪ್ರೀಮಿಯರ್ ಅನ್ನುತ್ತಾರೆ. ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಶಾಲೆ, ಆಸ್ಪತ್ರೆ ಪ್ರಾಂತ್ಯಗಳ ಕೈಯಲ್ಲಿ. ಅಪರಾಧ ಕಾನೂನು ಬರೆಯುವ ಅಧಿಕಾರ ಮಾತ್ರ ಪೂರ್ತಿ ಕೇಂದ್ರದ್ದು. ನಮ್ಮಲ್ಲಿ ಅದು ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯಗಳೂ ತಿದ್ದುಪಡಿ ತರಬಹುದು. ಅಲ್ಲಿ ಹಾಗಿಲ್ಲ. ಕೊಲೆಗೆ ಎಷ್ಟು ಶಿಕ್ಷೆ, ಯಾವುದು ಅತ್ಯಾಚಾರ, ಯಾರು ಬಂದೂಕು ಇಟ್ಟುಕೊಳ್ಳಬಹುದು ಎಂಬುದೆಲ್ಲ ಇಡೀ ದೇಶಕ್ಕೆ ಒಂದೇ. ಅದನ್ನು ಬರೆಯುವ ಸಚಿವರು ಕೂರುವುದು ದೇಶದ ರಾಜಧಾನಿ ಆಟವಾದಲ್ಲಿ.

ಇನ್ನೊಂದು ವ್ಯತ್ಯಾಸ ನಮ್ಮವರಿಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಅಲ್ಲಿ ಪ್ರಾಂತ್ಯದ ಪಕ್ಷಗಳೂ ಕೇಂದ್ರದ ಪಕ್ಷಗಳೂ ಬಹುಪಾಲು ಬೇರೆಬೇರೆ. ಕ್ಯಾಂಬೆಲ್ ಅವರ ತವರು ಬ್ರಿಟಿಷ್ ಕೊಲಂಬಿಯಾವನ್ನು 1980ರ ದಶಕದಲ್ಲಿ ಆಳುತ್ತಿದ್ದದ್ದು ಸೋಷಿಯಲ್ ಕ್ರೆಡಿಟ್ ಪಕ್ಷ. ಆ ದಶಕದಲ್ಲಿ ಸಂಸತ್ತಿನಲ್ಲಿ ಆ ಪಕ್ಷಕ್ಕೆ ಒಬ್ಬ ಸದಸ್ಯನೂ ಇರಲಿಲ್ಲ. ಹಾಗಾಗಿ ಪ್ರಾಂತ್ಯದಿಂದ ಕೇಂದ್ರಕ್ಕೆ ಹೋಗುವವರು ಪಕ್ಷ ಬದಲಿಸಿದರೂ ಅದನ್ನು ಯಾರೂ ಪಕ್ಷಾಂತರ ಅನ್ನುವುದಿಲ್ಲ. ಹೊಸ ಊರಿಗೆ ಹೋಗಿ ಹೊಸದಾಗಿ ಗುರುತು ಮಾಡಿಕೊಳ್ಳಬೇಕು, ಅಷ್ಟೇ. ಅನುಕೂಲವೂ ಅದೇ, ಕಷ್ಟವೂ ಅದೇ. ಹಳೇ ಪಕ್ಷದ ಜಗಳ ಹಿಂಬಾಲಿಸಿ ಬರುವುದಿಲ್ಲ, ಆದರೆ ಬೆನ್ನಿಗೆ ನಿಲ್ಲುವ ಹಳೇ ಸಂಗಾತಿಗಳೂ ಇರುವುದಿಲ್ಲ.

14 ಮತದ ಅಭ್ಯರ್ಥಿ

ಕ್ಯಾಂಬೆಲ್ ಹುಟ್ಟಿದ್ದು 1947ರ ಮಾರ್ಚ್ 10ರಂದು, ವ್ಯಾಂಕೂವರ್ ದ್ವೀಪದ ಪೋರ್ಟ್ ಆಲ್ಬರ್ನಿ ಎಂಬ ಮರದ ಮಿಲ್ಲುಗಳ ಊರಿನಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಆವ್ರಿಲ್ ಫೇಡ್ರಾ. 12 ವರ್ಷದವರಿದ್ದಾಗ ಅಮ್ಮ ಮನೆ ಬಿಟ್ಟು ಹೋದರು. ಆಮೇಲೆ ಹುಡುಗಿ ತಾನೇ ಕಿಮ್ ಅಂತ ಹೆಸರು ಇಟ್ಟುಕೊಂಡಳು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸೋವಿಯತ್ ಸರ್ಕಾರದ ಬಗ್ಗೆ ಸಂಶೋಧನೆ ಶುರು ಮಾಡಿ ಅರ್ಧಕ್ಕೆ ಬಿಟ್ಟರು. ಊರಿಗೆ ಬಂದು ಪಾಠ ಹೇಳಿದರು, ಆಮೇಲೆ ಲಾ ಓದಿದರು.

ರಾಜಕೀಯಕ್ಕೆ ಬಂದ ಬಾಗಿಲು ವ್ಯಾಂಕೂವರ್ ಶಾಲಾ ಮಂಡಳಿ. ಅಲ್ಲಿ ಶಾಲಾ ಮಂಡಳಿಗೂ ಚುನಾವಣೆ ನಡೆಯುತ್ತದೆ. 1980ರಲ್ಲಿ ಆಯ್ಕೆಯಾದರು, 1983ರಲ್ಲಿ ಅಧ್ಯಕ್ಷೆಯಾದರು. ಅದೇ ವರ್ಷ ಪ್ರಾಂತ್ಯದ ಶಾಸನಸಭೆಗೆ ನಿಂತು ಸೋತರು. ಸೋತರೂ ಪ್ರೀಮಿಯರ್ ಬಿಲ್ ಬೆನೆಟ್ ಅವರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸರ್ಕಾರದ ಒಳಗೆ ಫೈಲು ಹೇಗೆ ಓಡುತ್ತದೆ, ಎಲ್ಲಿ ಸುಮ್ನೆ ಮಲಗುತ್ತದೆ ಎಂದು ಕಲಿತದ್ದು ಅಲ್ಲಿ.

1986ರಲ್ಲಿ ಬೆನೆಟ್ ರಾಜೀನಾಮೆ ಕೊಟ್ಟರು. ಮುಂದಿನ ನಾಯಕನನ್ನು ಆರಿಸಲು ವಿಸ್ಲರ್ ಎಂಬ ಬೆಟ್ಟದೂರಿನಲ್ಲಿ ಪಕ್ಷದ ಸಮಾವೇಶ ಸೇರಿತು. ಕಣದಲ್ಲಿ 12 ಜನ. ಶಾಸಕಿಯೂ ಅಲ್ಲದ ಕ್ಯಾಂಬೆಲ್ ಅವರೂ ನಿಂತರು. ಬಿದ್ದದ್ದು 14 ಮತ, ಕೊನೆಯ ಸ್ಥಾನ. ಆದರೆ ಭಾಷಣ ಮಾತ್ರ ಎಲ್ಲರ ನೆನಪಲ್ಲಿ ಉಳಿಯಿತು. ವರ್ಚಸ್ಸು ಇದ್ದು ಒಳಗೆ ಸತ್ವ ಇಲ್ಲದಿದ್ದರೆ ಅದು ಅಪಾಯ ಅಂದರು. ಯಾರಿಗೆ ಹೇಳಿದ್ದು ಅಂತ ಸಭೆಗೆ ಗೊತ್ತಾಗದೇ ಇರಲಿಲ್ಲ. ನಗುಮೊಗದ, ಮಾತಿನ ಮಲ್ಲ ಬಿಲ್ ವ್ಯಾಂಡರ್ ಝಾಲ್ಮ್ ಅವತ್ತು ಗೆದ್ದು ಪ್ರೀಮಿಯರ್ ಆದರು. ಕೆಲವೇ ತಿಂಗಳಲ್ಲಿ ಕ್ಯಾಂಬೆಲ್ ಅದೇ ಪಕ್ಷದಿಂದ ವ್ಯಾಂಕೂವರ್ ಪಾಯಿಂಟ್ ಗ್ರೇ ಕ್ಷೇತ್ರದಲ್ಲಿ ಗೆದ್ದು ಶಾಸಕಿಯಾದರು. ಸಚಿವ ಸ್ಥಾನ ಸಿಗಲಿಲ್ಲ. ಆ ಭಾಷಣ ಮಾಡಿದವರಿಗೆ ಯಾರು ತಾನೇ ಕೊಡುತ್ತಾರೆ?

ಒಂದೇ ಪ್ರಶ್ನೆ, ಎರಡು ಕುರ್ಚಿ

1988ರ ಜನವರಿ 28ರಂದು ಕೆನಡಾದ ಸುಪ್ರೀಂ ಕೋರ್ಟ್ ಗರ್ಭಪಾತದ ಹಳೇ ಕಾನೂನನ್ನು ರದ್ದು ಮಾಡಿತು. ಅಲ್ಲಿಯವರೆಗೆ ಆಸ್ಪತ್ರೆಯ ವೈದ್ಯರ ಸಮಿತಿ ಒಪ್ಪಿದರೆ ಮಾತ್ರ ಗರ್ಭಪಾತಕ್ಕೆ ಅವಕಾಶ ಇತ್ತು. ಇಲ್ಲದಿದ್ದರೆ ಅದು ಅಪರಾಧ. ತೀರ್ಪು ಬಂದ ಮೇಲೆ ಅಪರಾಧ ಕಾನೂನಿನಲ್ಲಿ ಆ ಜಾಗ ಖಾಲಿಯಾಯಿತು.

ಇಲ್ಲಿ ಅಧಿಕಾರದ ಹಂಚಿಕೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಅಪರಾಧ ಕಾನೂನು ಪ್ರಾಂತ್ಯದ ಕೈಯಲ್ಲಿಲ್ಲ. ಆದರೆ ಆಸ್ಪತ್ರೆಯ ಬಿಲ್ಲು ಪ್ರಾಂತ್ಯದ ಕೈಯಲ್ಲಿದೆ. ಗರ್ಭಪಾತವನ್ನು ಕಟುವಾಗಿ ವಿರೋಧಿಸುತ್ತಿದ್ದ ವ್ಯಾಂಡರ್ ಝಾಲ್ಮ್ ಆ ದಾರಿ ಹಿಡಿದರು. ತಾಯಿಯ ಜೀವಕ್ಕೇ ಅಪಾಯ ಇದ್ದರೆ ಮಾತ್ರ ಸರ್ಕಾರ ಹಣ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು. ಕ್ಯಾಂಬೆಲ್ ತಮ್ಮ ಪ್ರೀಮಿಯರ್ ವಿರುದ್ಧ ಬಹಿರಂಗವಾಗಿ ಮಾತಾಡಿದರು. ಪ್ರಾಂತ್ಯದ ಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. ಅಷ್ಟರಲ್ಲಿ ಆ ಪಕ್ಷದಲ್ಲಿ ಕ್ಯಾಂಬೆಲ್ ಅವರಿಗೆ ಮುಂದಿನ ದಾರಿ ಮುಚ್ಚಿತ್ತು.

ಅದೇ ವರ್ಷ ಕೇಂದ್ರದ ಚುನಾವಣೆ ಬಂತು. ಅಮೆರಿಕದ ಜತೆಗಿನ ಮುಕ್ತ ವ್ಯಾಪಾರ ಒಪ್ಪಂದವೇ ಆಗಿನ ದೊಡ್ಡ ವಿಷಯ. ವ್ಯಾಂಕೂವರ್ ಸೆಂಟರ್ ಕ್ಷೇತ್ರದ ಸಂಸದೆ ಪ್ಯಾಟ್ ಕಾರ್ನಿ ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ಪ್ರಧಾನಿ ಬ್ರಯಾನ್ ಮಲ್ರೋನಿ ಅವರ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ, ಅಂದರೆ ಜನ ಟೋರಿ ಅನ್ನುವ ಪಕ್ಷ, ಕ್ಯಾಂಬೆಲ್ ಅವರನ್ನು ಅಲ್ಲಿ ನಿಲ್ಲಿಸಿತು. ಕೆಲವೇ ನೂರು ಮತಗಳಲ್ಲಿ ಗೆದ್ದರು. 1989ರಲ್ಲಿ ಮೂಲನಿವಾಸಿಗಳ ವ್ಯವಹಾರ ನೋಡುವ ರಾಜ್ಯ ಸಚಿವೆಯಾದರು. 1990ರ ಫೆಬ್ರವರಿಯಲ್ಲಿ ಕಾನೂನು ಸಚಿವೆ. ಆ ಖಾತೆ ಮಹಿಳೆಯೊಬ್ಬರಿಗೆ ಸಿಕ್ಕಿದ್ದು ಅದೇ ಮೊದಲು.

ಮೇಜಿನ ಮೇಲೆ ಕಾಯುತ್ತಿದ್ದದ್ದು ಅದೇ ಗರ್ಭಪಾತದ ಪ್ರಶ್ನೆ. ಈ ಸಲ ಪ್ರಶ್ನೆ ಹಣದ್ದಲ್ಲ, ಜೈಲಿನದ್ದು. ಸಿ-43 ಎಂಬ ಮಸೂದೆ. ಮಹಿಳೆಯ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ಧಕ್ಕೆ ಇದೆ ಎಂದು ಒಬ್ಬ ವೈದ್ಯರು ಹೇಳಿದರೆ ಗರ್ಭಪಾತ ಮಾಡಬಹುದು. ಇಲ್ಲದೆ ಮಾಡಿದರೆ 2 ವರ್ಷದವರೆಗೆ ಶಿಕ್ಷೆ. ಮಹಿಳೆಯ ಆಯ್ಕೆಯ ಪರ ನಿಂತು ಪ್ರೀಮಿಯರ್ ಜತೆ ಜಗಳ ಆಡಿದ್ದ ಕ್ಯಾಂಬೆಲ್ ಈಗ ಈ ಮಸೂದೆಯನ್ನು ಸಮರ್ಥಿಸಬೇಕಿತ್ತು. ಕೇಂದ್ರ ಒಂದು ಕಾನೂನು ಮಾಡದಿದ್ದರೆ ಪ್ರತಿ ಪ್ರಾಂತ್ಯವೂ ತನಗೆ ತೋಚಿದ ಅಡ್ಡಿ ಹಾಕುತ್ತದೆ ಎಂಬುದು ಅವರ ವಾದ. ಬ್ರಿಟಿಷ್ ಕೊಲಂಬಿಯಾದಲ್ಲಿ ಅದನ್ನೇ ಕಣ್ಣಾರೆ ಕಂಡಿದ್ದರು, ಹಾಗಾಗಿ ವಾದದಲ್ಲಿ ಅರ್ಥ ಇತ್ತು. ಆದರೂ ಹಳೇ ಬೆಂಬಲಿಗರಿಗೆ ಇದು ರುಚಿಸಲಿಲ್ಲ. ಜೈಲಿನ ಭಯಕ್ಕೆ ವೈದ್ಯರು ಹಿಂದೆ ಸರಿಯುತ್ತಾರೆ ಎಂಬ ಅವರ ಆತಂಕವೂ ಸುಳ್ಳಲ್ಲ. ಈ ವಿಷಯದಲ್ಲಿ ನನಗೆ ಬೆಂಬಲಿಗರ ಕಡೆಯೇ ಸರಿ ಅನ್ನಿಸುತ್ತದೆ.

1990ರ ಮೇ ತಿಂಗಳಲ್ಲಿ ಕೆಳಮನೆಯಲ್ಲಿ ಮಸೂದೆ ಪಾಸಾಯಿತು: 140 ಪರ, 131 ವಿರುದ್ಧ. ನಂತರ ಹೋಗಿದ್ದು ಸೆನೆಟ್‌ಗೆ. ಕೆನಡಾದ ಸೆನೆಟರುಗಳು ಚುನಾವಣೆಯಿಂದ ಬರುವುದಿಲ್ಲ. ಪ್ರಧಾನಿ ಸಲಹೆಯ ಮೇಲೆ ನೇಮಕವಾಗುತ್ತಾರೆ, 75 ವರ್ಷದವರೆಗೆ ಇರಬಹುದು. ಕೆಳಮನೆ ಕಳಿಸಿದ್ದನ್ನು ಅವರು ತಿರಸ್ಕರಿಸುವುದು ಬಹಳ ಅಪರೂಪ. 1991ರ ಜನವರಿ 31ರಂದು ಮತಕ್ಕೆ ಹಾಕಿದರು. 43 ಪರ, 43 ವಿರುದ್ಧ. ನಮ್ಮ ರಾಜ್ಯಸಭೆಯಲ್ಲಾದರೆ ಸಭಾಪತಿಯ ನಿರ್ಣಾಯಕ ಮತ ಇದೆ. ಕೆನಡಾದ ಸೆನೆಟ್‌ನಲ್ಲಿ ಅದಿಲ್ಲ. ಸಮ ಬಂದರೆ ಬಿದ್ದ ಹಾಗೆ. ವಿರುದ್ಧ ಮತ ಹಾಕಿದವರಲ್ಲಿ ಪ್ಯಾಟ್ ಕಾರ್ನಿ ಕೂಡ ಇದ್ದರು. ಅದೇ ವ್ಯಾಂಕೂವರ್ ಸೆಂಟರ್‌ನ ಹಿಂದಿನ ಸಂಸದೆ, ಅದೇ ಟೋರಿ ಪಕ್ಷ. ಮಲ್ರೋನಿಯೇ ಅವರನ್ನು ಸೆನೆಟರ್ ಮಾಡಿದ್ದರು.

ಆಮೇಲೆ ಯಾವ ಸರ್ಕಾರವೂ ಅದನ್ನು ಮುಟ್ಟಿಲ್ಲ. ಕೆನಡಾದಲ್ಲಿ ಗರ್ಭಪಾತದ ಮೇಲೆ ಅಪರಾಧ ಕಾನೂನೇ ಇಲ್ಲ. ಅದು ಬರೀ ವೈದ್ಯಕೀಯ ವಿಷಯ. ಕಾನೂನು ಸಚಿವೆಯಾಗಿ ಕ್ಯಾಂಬೆಲ್ ಕಂಡ ಅತಿ ದೊಡ್ಡ ಸೋಲಿನಿಂದ ಹುಟ್ಟಿದ್ದು ಅವರ ಮೂಲ ನಂಬಿಕೆಗೇ ಹತ್ತಿರವಾದ ಸ್ಥಿತಿ.

ಬಂದೂಕು ಮತ್ತು ಒಪ್ಪಿಗೆ

1989ರ ಡಿಸೆಂಬರ್ 6ರಂದು ಮಾಂಟ್ರಿಯಲ್‌ನ ಎಕೋಲ್ ಪಾಲಿಟೆಕ್ನಿಕ್ ಎಂಬ ಎಂಜಿನಿಯರಿಂಗ್ ಕಾಲೇಜಿಗೆ ಒಬ್ಬ ರೈಫಲ್ ಹಿಡಿದು ನುಗ್ಗಿದ. ತರಗತಿಯಲ್ಲಿ ಗಂಡಸರನ್ನು ಹೊರಗೆ ಕಳಿಸಿ ಹೆಂಗಸರಿಗೆ ಗುಂಡು ಹೊಡೆದ. 14 ಮಹಿಳೆಯರು ಸತ್ತರು. ಬಂದೂಕು ಕಾನೂನು ಬಿಗಿ ಮಾಡಿ ಎಂದು ದೇಶವೇ ಕೂಗಿತು. ಆದರೆ ಟೋರಿ ಸಂಸದರಲ್ಲಿ ಬಹಳ ಜನ ಹಳ್ಳಿಗಾಡಿನ ಕ್ಷೇತ್ರಗಳಿಂದ ಬಂದವರು. ಅಲ್ಲಿ ಬೇಟೆ ಬಂದೂಕು ಮನೆಮನೆಯಲ್ಲೂ ಇರುತ್ತದೆ. ಕ್ಯಾಂಬೆಲ್ ತಂದ ಮೊದಲ ಮಸೂದೆ ಸ್ವಂತ ಪಕ್ಷದವರ ವಿರೋಧಕ್ಕೇ ಸಿಕ್ಕಿ ಸತ್ತುಹೋಯಿತು.

ಎರಡನೇ ಸಲ ಅವರು ದಾರಿ ಬದಲಿಸಿದರು. ತಿದ್ದಿದ ಮಸೂದೆ ಸಿ-17. ಬಂದೂಕು ಕೊಳ್ಳಲು ಪರವಾನಗಿಗೆ ಅರ್ಜಿ ಹಾಕುವವರ ಹಿನ್ನೆಲೆ ಚೆನ್ನಾಗಿ ತಪಾಸಣೆ ಆಗಬೇಕು. ಅರ್ಜಿಗೂ ಪರವಾನಗಿಗೂ ನಡುವೆ 28 ದಿನ ಕಾಯಬೇಕು. ಬಹುತೇಕ ಸೆಮಿ ಆಟೊಮ್ಯಾಟಿಕ್ ರೈಫಲ್ಲುಗಳ ಮ್ಯಾಗಜೀನಿಗೆ 5 ಗುಂಡಿನ ಮಿತಿ, ಪಿಸ್ತೂಲಿಗೆ 10. ಬೇಟೆಗಾರರಿಗೆ ಹೆಚ್ಚು ತೊಂದರೆ ಇಲ್ಲದ, ಆದರೆ ಒಬ್ಬ ಒಂದೇ ಉಸಿರಿಗೆ ಹತ್ತಾರು ಜನರನ್ನು ಕೊಲ್ಲುವುದನ್ನು ಕಷ್ಟ ಮಾಡುವ ಲೆಕ್ಕಾಚಾರ. ಮಸೂದೆಗೆ ಅಂಕಿತ ಬಿದ್ದದ್ದು 1991ರ ಡಿಸೆಂಬರ್ 5ರಂದು, ಹತ್ಯಾಕಾಂಡಕ್ಕೆ 2 ವರ್ಷ ತುಂಬುವ ಹಿಂದಿನ ದಿನ.

ಅವರು ಮಾಡಿದ ಕೆಲಸಗಳಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ತೂಕದ್ದು ಸಿ-49. ಅದರ ಹಿನ್ನೆಲೆ ಹೀಗಿದೆ. ಅತ್ಯಾಚಾರದ ವಿಚಾರಣೆಯಲ್ಲಿ ಮಹಿಳೆಯ ಹಿಂದಿನ ಲೈಂಗಿಕ ಬದುಕನ್ನು ಕೆದಕಬಾರದು ಎಂಬ ನಿಯಮ ಕೆನಡಾದಲ್ಲಿತ್ತು. 1991ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆರೋಪಿಗೆ ನ್ಯಾಯವಾಗಿ ಸಿಗಬೇಕಾದ ಸಾಕ್ಷ್ಯವನ್ನೂ ಆ ನಿಯಮ ತಡೆಯುತ್ತದೆ ಎಂಬುದು ಕೋರ್ಟಿನ ಕಾರಣ. ಮಹಿಳಾ ಸಂಘಟನೆಗಳು ಸಿಟ್ಟಾದವು. ಕ್ಯಾಂಬೆಲ್ ಆ ಸಂಘಟನೆಗಳನ್ನೇ ಕರೆದು ಕೂರಿಸಿಕೊಂಡು ಹೊಸ ಕಾನೂನು ಬರೆಸಿದರು. ಹಳೇ ನಿಯಮವನ್ನು ಸ್ವಲ್ಪ ತಿದ್ದಿ ವಾಪಸು ತರಬಹುದಿತ್ತು. ಅವರು ಬುಡಕ್ಕೇ ಕೈ ಹಾಕಿದರು. ಒಪ್ಪಿಗೆ ಅಂದರೆ ಏನು ಎಂದು ಕಾನೂನಿನಲ್ಲೇ ಬರೆದರು.

ಅಲ್ಲಿಯವರೆಗೆ ಕೆನಡಾದ ಅಪರಾಧ ಸಂಹಿತೆಯಲ್ಲಿ ಲೈಂಗಿಕ ಅಪರಾಧಕ್ಕೆಂದೇ ಒಪ್ಪಿಗೆಯ ವ್ಯಾಖ್ಯೆ ಇರಲಿಲ್ಲ. 1992ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಹೊಸ ಕಾನೂನು ಅದು ಸ್ವಂತ ಇಚ್ಛೆಯಿಂದ ಬಂದ ಸಮ್ಮತಿ ಆಗಿರಬೇಕು ಎಂದಿತು. ಬೇರೆಯವರು ಅವಳ ಪರವಾಗಿ ಹೂಂ ಅಂದರೆ ಅದು ಒಪ್ಪಿಗೆ ಅಲ್ಲ. ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಅವಳು ಇಲ್ಲದಿದ್ದರೆ ಅಲ್ಲ. ಅಧಿಕಾರ ಅಥವಾ ನಂಬಿಕೆಯ ಸ್ಥಾನವನ್ನು ದುರುಪಯೋಗ ಮಾಡಿ ಪಡೆದರೆ ಅಲ್ಲ. ಮೊದಲು ಒಪ್ಪಿ ನಡುವೆ ಬೇಡ ಅಂದರೆ, ಅಲ್ಲಿಗೆ ಮುಗಿಯಿತು. ಅವಳು ಒಪ್ಪಿದ್ದಾಳೆ ಅಂದುಕೊಂಡಿದ್ದೆ ಎಂದು ಆರೋಪಿ ಸುಮ್ನೆ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಖಚಿತ ಮಾಡಿಕೊಳ್ಳಲು ಏನು ಪ್ರಯತ್ನ ಮಾಡಿದ ಎಂದು ನೋಡಲಾಗುತ್ತದೆ. ಜಗತ್ತಿನ ಎಷ್ಟೋ ಕಡೆ ಈಗಲೂ ಚರ್ಚೆಯಾಗುತ್ತಿರುವ ವಿಷಯಗಳಿವು. ಈ ಕಾನೂನಿನ ಮೂಲ ಚೌಕಟ್ಟು ಕೆನಡಾದ ಕೋರ್ಟುಗಳಲ್ಲಿ ಇವತ್ತಿಗೂ ನಡೆಯುತ್ತಿದೆ.

ಈ ನಡುವೆ ಪತ್ರಿಕೆಗಳ ಕಣ್ಣಿಗೆ ಹೆಚ್ಚು ಬಿದ್ದದ್ದು ಒಂದು ಫೋಟೊ. ಬಾರ್ಬರಾ ವುಡ್ಲಿ ಎಂಬ ಛಾಯಾಗ್ರಾಹಕಿ ತೆಗೆದ ಚಿತ್ರದಲ್ಲಿ ಕ್ಯಾಂಬೆಲ್ ತಮ್ಮ ವಕೀಲಿ ಗೌನನ್ನು ಹ್ಯಾಂಗರ್ ಸಮೇತ ಎದೆಯ ಮುಂದೆ ಹಿಡಿದಿದ್ದಾರೆ. ಹೆಗಲು ಬರಿದು. ಅಷ್ಟೇ. ಅದರ ಬಗ್ಗೆ ವಾರಗಟ್ಟಲೆ ಚರ್ಚೆ, ಪಾಪ್ ತಾರೆ ಮಡೋನಾ ಜತೆ ಹೋಲಿಕೆ. ಒಪ್ಪಿಗೆಯ ಕಾನೂನಿಗೆ ಅಷ್ಟು ಕಾಲಂ ಸಿಕ್ಕಿದ್ದರೆ ಚೆನ್ನಾಗಿತ್ತು, ಅಲ್ವಾ?

1993ರ ಜನವರಿಯಲ್ಲಿ ರಕ್ಷಣಾ ಖಾತೆಗೆ ಬಂದರು. ನ್ಯಾಟೊ ದೇಶಗಳಲ್ಲೇ ಮೊದಲ ಮಹಿಳಾ ರಕ್ಷಣಾ ಸಚಿವೆ. ಅಲ್ಲಿದ್ದದ್ದು ಆರೇ ತಿಂಗಳು, ಅದೂ ಸುಖದ್ದಲ್ಲ. ಸೊಮಾಲಿಯಾಕ್ಕೆ ಹೋಗಿದ್ದ ಕೆನಡಾದ ಸೈನಿಕರು ಮಾರ್ಚ್‌ನಲ್ಲಿ ಒಬ್ಬ ಹದಿಹರೆಯದ ಹುಡುಗನನ್ನು ಹಿಡಿದು ಹೊಡೆದು ಕೊಂದರು. ಆ ಹಗರಣದ ನೆರಳು ಅವರ ಮೇಲೂ ಬಿತ್ತು.

ಚುನಾವಣೆ ಇಲ್ಲದೆ ಪ್ರಧಾನಿ

ಅಷ್ಟರಲ್ಲಿ ಮಲ್ರೋನಿ ಮೇಲೆ ಜನಕ್ಕೆ ಸಿಟ್ಟು ನೆತ್ತಿಗೇರಿತ್ತು. 1991ರ ಜನವರಿ 1ರಿಂದ ಶೇ 7ರ ಜಿಎಸ್‌ಟಿ ಹಾಕಿದ್ದರು. ಸೆನೆಟ್‌ನಲ್ಲಿ ಅದನ್ನು ಪಾಸು ಮಾಡಿಸಲು ಸಂವಿಧಾನದ ಒಂದು ಅಪರೂಪದ ಅವಕಾಶ ಬಳಸಿ 8 ಜನ ಹೆಚ್ಚುವರಿ ಸೆನೆಟರುಗಳನ್ನು ನೇಮಿಸಿದ್ದರು. ಫ್ರೆಂಚ್ ಮಾತಾಡುವ ಕೆಬೆಕ್ ಪ್ರಾಂತ್ಯವನ್ನು ಸಮಾಧಾನ ಮಾಡಲು ಎರಡು ಸಲ ಸಂವಿಧಾನ ತಿದ್ದುಪಡಿಗೆ ಹೊರಟರು. ಮೀಚ್ ಲೇಕ್ ಒಪ್ಪಂದ 1990ರಲ್ಲಿ ಬಿತ್ತು. ಶಾರ್ಲಟ್‌ಟೌನ್ ಒಪ್ಪಂದವನ್ನು 1992ರ ಜನಮತಗಣನೆಯಲ್ಲಿ ಜನರೇ ತಿರಸ್ಕರಿಸಿದರು. ನಿರುದ್ಯೋಗ ಶೇ 11ರ ಆಸುಪಾಸು. 1993ರ ಫೆಬ್ರವರಿ 24ರಂದು ಮಲ್ರೋನಿ ಹೊರಡುವುದಾಗಿ ಹೇಳಿದರು.

ಅಲ್ಲಿ ಪ್ರಧಾನಿ ಬದಲಾಗಲು ಚುನಾವಣೆ ಬೇಕಿಲ್ಲ. ನಮ್ಮಲ್ಲೂ ಬೇಕಿಲ್ಲ. ಆದರೆ ನಮ್ಮಲ್ಲಿ ಸಂಸದೀಯ ಪಕ್ಷದ ಸಭೆಯಲ್ಲಿ ನಾಯಕನ ಹೆಸರು ಹೇಳಿ ಮುಗಿಸುತ್ತಾರೆ. ಅಲ್ಲಿ ಆಗ ದೇಶದ ಎಲ್ಲ ಕ್ಷೇತ್ರಗಳಿಂದ ಪಕ್ಷದ ಪ್ರತಿನಿಧಿಗಳು ಒಂದು ಕಡೆ ಸೇರಿ, ಯಾರಿಗಾದರೂ ಅರ್ಧಕ್ಕಿಂತ ಜಾಸ್ತಿ ಬರುವವರೆಗೆ ಸುತ್ತಿನ ಮೇಲೆ ಸುತ್ತು ಮತ ಹಾಕುತ್ತಿದ್ದರು. ಪಕ್ಷದ ಹಿರಿತಲೆಗಳು ಗೆಲ್ಲುವ ಆಸೆ ಇಲ್ಲದೆ ಹಿಂದೆ ಸರಿದರು. ಜೂನ್ 13ರಂದು ಆಟವಾದಲ್ಲಿ ಎರಡನೇ ಸುತ್ತಿನಲ್ಲಿ ಕ್ಯಾಂಬೆಲ್ ಅವರಿಗೆ 1,817 ಮತ, ಝಾನ್ ಶರೆ ಅವರಿಗೆ 1,630.

ಪ್ರಧಾನಿಯಾದ ದಿನವೇ 35 ಜನರ ಸಂಪುಟವನ್ನು 25ಕ್ಕೆ ಇಳಿಸಿದರು. ಇಲಾಖೆಗಳನ್ನು ಒಡೆದು, ಕೂಡಿಸಿ, ಹೊಸದಾಗಿ ಜೋಡಿಸಿದರು. ಚುನಾವಣೆ ಗೆದ್ದು ಮುಂದೆ ಬಂದ ಲಿಬರಲ್ ಪಕ್ಷದ ಸರ್ಕಾರ ಆ ಜೋಡಣೆಯ ಬಹುಭಾಗವನ್ನು ಹಾಗೇ ಉಳಿಸಿಕೊಂಡಿತು. ಜುಲೈನಲ್ಲಿ ಟೋಕಿಯೊದ ಜಿ-7 ಸಭೆಗೆ ಹೋದರು, ಅಲ್ಲಿದ್ದ ನಾಯಕರಲ್ಲಿ ಅವರೊಬ್ಬರೇ ಮಹಿಳೆ. ಸಂಸತ್ತು ಮಾತ್ರ ಆ ಅವಧಿಯಲ್ಲಿ ಒಂದು ದಿನವೂ ಸೇರಲಿಲ್ಲ. ಅಧಿಕೃತ ನಿವಾಸದಲ್ಲಿ ಮಲ್ರೋನಿ ಕುಟುಂಬ ಇನ್ನೂ ಇದ್ದದ್ದರಿಂದ ಆ ಬೇಸಿಗೆಯನ್ನು ಹ್ಯಾರಿಂಗ್‌ಟನ್ ಲೇಕ್ ಎಂಬ ವಿಶ್ರಾಂತಿ ಗೃಹದಲ್ಲಿ ಕಳೆದರು. ಸಂಸತ್ತಿನ 5 ವರ್ಷದ ಅವಧಿ ವರ್ಷದ ಕೊನೆಗೆ ಮುಗಿಯುತ್ತಿತ್ತು. ಕಾಯುವ ಹಾಗೇ ಇರಲಿಲ್ಲ.

ಮತ ಎಲ್ಲಿ ಬಿದ್ದಿದೆ ಎಂಬುದೇ ಲೆಕ್ಕ

ಸೆಪ್ಟೆಂಬರ್ 8ರಂದು ಚುನಾವಣೆ ಘೋಷಣೆಯಾದಾಗ ಟೋರಿಗಳೂ ಲಿಬರಲ್ಲರೂ ಹೆಚ್ಚುಕಡಿಮೆ ಸಮಸಮ ಇದ್ದರು. ಪ್ರಚಾರದ 47 ದಿನಗಳಲ್ಲಿ ಎಲ್ಲ ಕರಗಿತು. ಮೊದಲ ದಿನವೇ ನಿರುದ್ಯೋಗದ ಪ್ರಶ್ನೆ ಬಂತು. ಶತಮಾನ ಮುಗಿಯುವ ತನಕ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ ಎಂಬ ಅರ್ಥ ಬರುವ ಹಾಗೆ ಉತ್ತರಿಸಿದರು. ಮತ್ತೊಮ್ಮೆ, ಸಾಮಾಜಿಕ ಯೋಜನೆಗಳ ಸುಧಾರಣೆಯಂಥ ಗಂಭೀರ ವಿಷಯ ಚರ್ಚಿಸಲು 47 ದಿನ ಸಾಲದು ಎಂದರು. ಪತ್ರಿಕೆಗಳಲ್ಲಿ ಅದು ಚುನಾವಣೆ ಗಂಭೀರ ವಿಷಯಕ್ಕೆ ತಕ್ಕ ಸಮಯವಲ್ಲ ಎಂದಾಯಿತು. ಶಾಲೆಯ ಮೇಷ್ಟ್ರ ಹಾಗೆ ಮಾತಾಡುವುದು ಅವರ ದೌರ್ಬಲ್ಯ. ಅಕ್ಟೋಬರ್ ಮಧ್ಯದಲ್ಲಿ ಪಕ್ಷದ ಟಿವಿ ಜಾಹೀರಾತು ಇನ್ನೂ ಕೆಡಿಸಿತು. ಲಿಬರಲ್ ನಾಯಕ ಝಾನ್ ಕ್ರೆಟಿಯೆನ್ ಅವರ ಮುಖದ ಒಂದು ಬದಿ ಚಿಕ್ಕಂದಿನಿಂದ ಪಾರ್ಶ್ವವಾಯುವಿನಿಂದ ಸೊಟ್ಟಗಿತ್ತು. ಜಾಹೀರಾತು ಅದನ್ನೇ ತೋರಿಸಿ ಅಣಕಿಸಿದ ಹಾಗಿತ್ತು. ಜನ ಛೀಮಾರಿ ಹಾಕಿದರು. ಕ್ಯಾಂಬೆಲ್ ಅದನ್ನು ಹಿಂತೆಗೆಸಿದರು, ಆದರೆ ಹೊತ್ತು ಮೀರಿತ್ತು.

ಆದರೂ ಶೇ 16ರಷ್ಟು ಮತ ಬಿದ್ದ ಪಕ್ಷಕ್ಕೆ 295ರಲ್ಲಿ 2 ಸೀಟು ಬರುವುದು ಹೇಗೆ? ನಮ್ಮದೂ ಅಲ್ಲಿಯದೂ ಬ್ರಿಟನ್ನಿನಿಂದ ಬಂದ ಒಂದೇ ಪದ್ಧತಿ. ಪ್ರತಿ ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದವರು ಗೆದ್ದರು, ಉಳಿದವರ ಮತಕ್ಕೆ ಲೆಕ್ಕವಿಲ್ಲ. ಇಂಥ ಕಡೆ ಎಷ್ಟು ಮತ ಬಂತು ಎಂಬುದಕ್ಕಿಂತ ಎಲ್ಲಿ ಬಂತು ಎಂಬುದು ಮುಖ್ಯ.

ಮಲ್ರೋನಿ 1984ರಲ್ಲಿ 211 ಸೀಟು ಗೆದ್ದದ್ದು ಎರಡು ಗುಂಪನ್ನು ಒಟ್ಟಿಗೆ ಕಟ್ಟಿ. ಒಂದು, ಕೆಬೆಕ್‌ನ ಫ್ರೆಂಚ್ ಅಭಿಮಾನಿಗಳು. ಇನ್ನೊಂದು, ಕೆಬೆಕ್‌ಗೆ ಜಾಸ್ತಿ ಕೊಡುತ್ತಿದ್ದಾರೆ ಎಂದು ಗೊಣಗುವ ಪಶ್ಚಿಮದ ಸಂಪ್ರದಾಯವಾದಿಗಳು. ಸಂವಿಧಾನದ ಎರಡು ಪ್ರಯತ್ನವೂ ಬಿದ್ದಾಗ ಇಬ್ಬರೂ ಎದ್ದು ಹೋದರು. ಮಲ್ರೋನಿ ಅವರ ಸಚಿವರೇ ಆಗಿದ್ದ ಲೂಸಿಯೆನ್ ಬುಶಾರ್ ಬ್ಲಾಕ್ ಕೆಬೆಕ್ವಾ ಕಟ್ಟಿದರು. ಪಶ್ಚಿಮದಲ್ಲಿ ಪ್ರೆಸ್ಟನ್ ಮ್ಯಾನಿಂಗ್ ಅವರ ರಿಫಾರ್ಮ್ ಪಕ್ಷ ಬೆಳೆಯಿತು. ಬ್ಲಾಕ್ ಸ್ಪರ್ಧಿಸಿದ್ದೇ ಕೆಬೆಕ್‌ನಲ್ಲಿ ಮಾತ್ರ: ಅಲ್ಲಿನ 75ರಲ್ಲಿ 54 ಬಂತು. ರಿಫಾರ್ಮ್ ಆಲ್ಬರ್ಟಾದ 26ರಲ್ಲಿ 22, ಬ್ರಿಟಿಷ್ ಕೊಲಂಬಿಯಾದ 32ರಲ್ಲಿ 24 ಬಾಚಿತು. ಒಂಟಾರಿಯೊದ 99ರಲ್ಲಿ 98 ಲಿಬರಲ್ಲರಿಗೆ. ಟೋರಿ ಮತ ಸಾರಿಗೆ ಹಾಕಿದ ಉಪ್ಪಿನ ಹಾಗೆ ದೇಶದ ತುಂಬ ಕರಗಿತ್ತು. ಎಲ್ಲ ಕಡೆ ಇತ್ತು, ಕೈಗೆ ಮಾತ್ರ ಎಲ್ಲೂ ಸಿಗಲಿಲ್ಲ. ಗೆದ್ದವರು ಕೆಬೆಕ್‌ನಲ್ಲಿ ಝಾನ್ ಶರೆ ಮತ್ತು ನ್ಯೂ ಬ್ರನ್ಸ್‌ವಿಕ್‌ನಲ್ಲಿ ಎಲ್ಸಿ ವೇಯ್ನ್ ಮಾತ್ರ.

ಕರ್ನಾಟಕದವರಿಗೆ 2013 ನೆನಪಿರಬಹುದು. ಯಡಿಯೂರಪ್ಪ ಹೊರಗೆ ಹೋಗಿ ಕೆಜೆಪಿ ಕಟ್ಟಿದರು. ಅದಕ್ಕೆ ಬಂದದ್ದು 6 ಸೀಟು, ಆದರೆ 110 ಇದ್ದ ಬಿಜೆಪಿ 40ಕ್ಕೆ ಇಳಿಯಿತು. ಟೋರಿಗಳಿಗೆ ಅಂಥ ಪೆಟ್ಟು ಎರಡೂ ಕಡೆಯಿಂದ ಒಂದೇ ಸಲ ಬಿತ್ತು. ಹಾಗಂತ ಮತ ಒಡೆದದ್ದೇ ಎಲ್ಲಕ್ಕೂ ಕಾರಣ ಅಂದರೂ ತಪ್ಪು. ಒಂಟಾರಿಯೊದಲ್ಲಿ ಲಿಬರಲ್ಲರಿಗೆ ಶೇ 50ಕ್ಕಿಂತ ಜಾಸ್ತಿ ಮತ ಬಿದ್ದಿತ್ತು. ಅಲ್ಲಿ ಟೋರಿ ಮತ್ತು ರಿಫಾರ್ಮ್ ಕೂಡಿದ್ದರೂ ಬಹಳಷ್ಟು ಕ್ಷೇತ್ರಗಳು ಕೈ ತಪ್ಪುತ್ತಿದ್ದವು.

ಸೋಲುವ ಹೊತ್ತಿಗೆ ಸರಿಯಾಗಿ ಹೆಂಗಸಿನ ಕೈಗೆ ಪಕ್ಷ ಕೊಡುತ್ತಾರೆ ಎಂಬ ಮಾತಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ 2 ವರ್ಷ ಮೊದಲು ಹಾಗೇ ಆಗಿತ್ತು. ಹಗರಣದಲ್ಲಿ ಸಿಕ್ಕಿ ವ್ಯಾಂಡರ್ ಝಾಲ್ಮ್ ಇಳಿದಾಗ ರೀಟಾ ಜಾನ್‌ಸ್ಟನ್ ಪ್ರೀಮಿಯರ್ ಆದರು, ಕೆನಡಾದ ಮೊದಲ ಮಹಿಳಾ ಪ್ರೀಮಿಯರ್. ಕೆಲವೇ ತಿಂಗಳಲ್ಲಿ ಚುನಾವಣೆ ಬಂತು, 75ರಲ್ಲಿ 7 ಸೀಟು ಉಳಿಯಿತು. ಅವರೂ ಸ್ವಂತ ಕ್ಷೇತ್ರದಲ್ಲಿ ಸೋತರು. ಕ್ಯಾಂಬೆಲ್ ಬಿಟ್ಟುಬಂದ ಪಕ್ಷದಲ್ಲೇ ಇದು ನಡೆದಿತ್ತು. ಆದರೆ ಅವರನ್ನು ಯಾರೋ ಬಲಿಪಶು ಮಾಡಿದರು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಲ್ರೋನಿ ಬಿಟ್ಟ ಹೊರೆ ಎಷ್ಟು ಭಾರ ಎಂದು ಅವರಿಗೆ ಗೊತ್ತಿತ್ತು. ತಿಳಿದೇ ನಿಂತರು, ಗೆದ್ದರು, ಪ್ರಚಾರದಲ್ಲಿ ಎಡವಿದರು. ಬೇರೆ ಯಾರೇ ಇದ್ದರೂ ಟೋರಿಗಳು ಸೋಲುತ್ತಿದ್ದರು. 2ಕ್ಕೆ ಇಳಿಯುತ್ತಿದ್ದರೋ ಇಲ್ಲವೋ ಎಂಬಲ್ಲಿ ಮಾತ್ರ ಅವರ ಪಾಲಿದೆ.

ಆ ರಾತ್ರಿ ವ್ಯಾಂಕೂವರ್‌ನಲ್ಲಿ ಸೋಲೊಪ್ಪಿಕೊಳ್ಳುವಾಗ ಕ್ಯಾಂಬೆಲ್, ಸದ್ಯ ನನ್ನ ಕಾರು ಮಾರಿರಲಿಲ್ಲ ಎಂದು ನಗಿಸಿದರು. ಅವರನ್ನು ಸೋಲಿಸಿದ್ದು ಟ್ರಿನಿಡಾಡ್‌ನಲ್ಲಿ ಹುಟ್ಟಿದ ವೈದ್ಯೆ ಹೆಡಿ ಫ್ರೈ. ವ್ಯಾಂಕೂವರ್ ಸೆಂಟರ್‌ನಲ್ಲಿ ನಂತರದ ಚುನಾವಣೆಗಳಲ್ಲೂ ಫ್ರೈ ಅವರೇ ಗೆಲ್ಲುತ್ತಾ ಬಂದಿದ್ದಾರೆ.

ಕ್ಯಾಂಬೆಲ್ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. 1996ರಿಂದ 2000ದವರೆಗೆ ಲಾಸ್ ಏಂಜಲೀಸ್‌ನಲ್ಲಿ ಕೆನಡಾದ ಕಾನ್ಸಲ್ ಜನರಲ್ ಆಗಿದ್ದರು. ಆ ಹುದ್ದೆ ಕೊಟ್ಟದ್ದು ಅವರನ್ನು ಸೋಲಿಸಿದ ಕ್ರೆಟಿಯೆನ್ ಸರ್ಕಾರವೇ. ಹಾರ್ವರ್ಡ್‌ನಲ್ಲಿ ಪಾಠ ಹೇಳಿದರು. ಜಗತ್ತಿನ ಮಹಿಳಾ ಪ್ರಧಾನಿ, ಅಧ್ಯಕ್ಷರ ಒಕ್ಕೂಟವನ್ನು ಮುನ್ನಡೆಸಿದರು. 2016ರಲ್ಲಿ ಜಸ್ಟಿನ್ ಟ್ರೂಡೊ ಸರ್ಕಾರ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ಹೆಸರು ಶಿಫಾರಸು ಮಾಡುವ ಸಲಹಾ ಮಂಡಳಿ ರಚಿಸಿದಾಗ ಅದರ ಅಧ್ಯಕ್ಷತೆಗೆ ಅವರನ್ನೇ ಕರೆಯಿತು. ಟೋರಿ ಪಕ್ಷ 2003ರ ಡಿಸೆಂಬರ್‌ನಲ್ಲಿ, ರಿಫಾರ್ಮ್‌ನ ಹೊಸ ರೂಪವಾಗಿದ್ದ ಕೆನಡಿಯನ್ ಅಲಯನ್ಸ್ ಜತೆ ಸೇರಿ ಕನ್ಸರ್ವೇಟಿವ್ ಪಕ್ಷವಾಯಿತು. ಹೆಸರಿನಿಂದ ಪ್ರೋಗ್ರೆಸಿವ್ ಬಿದ್ದುಹೋಯಿತು. 2006ರಲ್ಲಿ ಅದು ಅಧಿಕಾರಕ್ಕೂ ಬಂತು. ಆ ಚುನಾವಣೆಯಲ್ಲಿ ಕ್ಯಾಂಬೆಲ್ ತಮ್ಮ ಹಳೇ ಕ್ಷೇತ್ರದ ಕನ್ಸರ್ವೇಟಿವ್ ಅಭ್ಯರ್ಥಿಯನ್ನು ಬೆಂಬಲಿಸಿದರು, ಜತೆಗೆ ಹೊಸ ಪಕ್ಷದ ಸದಸ್ಯೆ ತಾವಲ್ಲ ಎಂದೂ ಸ್ಪಷ್ಟಪಡಿಸಿದರು.